ಗಜ್ಜರಿಗೆ ಥಂಡಿ ಬಂದ ದಿನ

ಇಪ್ಪತ್ತೊಂಬತ್ತು ವರ್ಷ ನಾನು ಬಸ್ ಕಂಡಕ್ಟರ್ ಆಗಿದ್ದೆ. ಜಮಖಂಡಿಯಿಂದ ಮುಧೋಳ, ಮುಧೋಳದಿಂದ ಲೋಕಾಪುರ, ಅಲ್ಲಿಂದ ಬೀಳಗಿ, ಮತ್ತೆ ತಿರುಗಿ ಜಮಖಂಡಿ. ಗಡಿಯಾರ ನೋಡದೆ ಒಮ್ಮೆಯೂ ಸೀಟಿ ಊದಿದವನಲ್ಲ. ಬಸ್ ಹೊರಡುವ ಹೊತ್ತಿಗೆ ಚೀಲ ಹೊತ್ತು ಓಡಿ ಬರುವವರನ್ನು ಕಂಡರೆ ನನಗೆ ಕರುಣೆಗಿಂತ ಸಿಟ್ಟೇ ಮೊದಲು ಬರುತ್ತಿತ್ತು. ಇಂಥ ಮನುಷ್ಯ ಗಜ್ಜರಿ ಬಿತ್ತುವ ದಿನವನ್ನು ತಪ್ಪಿಸಿಕೊಂಡ, ಅದೂ ಒಂದೂವರೆ ತಿಂಗಳು ತಡ ಮಾಡಿದ ಎಂದರೆ ನನ್ನ ಜೊತೆ ಡ್ಯೂಟಿ ಮಾಡಿದ ಡ್ರೈವರುಗಳು ನಂಬಲಿಕ್ಕಿಲ್ಲ.

ಗಜ್ಜರಿ ಎಂದರೆ ಪೇಟೆಯವರು ಕ್ಯಾರೆಟ್ ಅನ್ನುತ್ತಾರಲ್ಲ, ಅದೇ. ಆದರೆ ನಾನು ಹೇಳುತ್ತಿರುವುದು ಸಂತೆಯಲ್ಲಿ ಎಲ್ಲ ಕಾಲಕ್ಕೂ ಸಿಗುವ ಕೇಸರಿ ಬಣ್ಣದ್ದಲ್ಲ. ಅದನ್ನು ನನ್ನ ಹೆಂಡತಿ ಊಟಿ ಗಜ್ಜರಿ ಎಂದು ಕರೆದು ಮೂಗು ಮುರಿಯುತ್ತಿದ್ದಳು. ಅವಳದು ನಮ್ಮ ಕಡೆಯ ಕೆಂಪು ಗಜ್ಜರಿ. ಉದ್ದ, ತುಸು ಸೊಟ್ಟ, ಕಚ್ಚಿದರೆ ಬಾಯಿ ತುಂಬ ರಸ. ವರ್ಷಕ್ಕೊಮ್ಮೆ ಚಳಿಯಲ್ಲಿ ಮಾತ್ರ ಬರುವಂಥದ್ದು. ಘಟಪ್ರಭೆಯ ಹತ್ತಿರ ನಮಗೆ ಒಂದೂವರೆ ಎಕರೆ ಕಬ್ಬಿನ ಹೊಲವಿದೆ. ಅದರ ಅಂಚಿನಲ್ಲಿ, ನೀರಿನ ಕಾಲುವೆ ಬದಿಗೆ, ಮೂರು ಮಂಚ ಹಾಕುವಷ್ಟು ಜಾಗದಲ್ಲಿ ಅವಳ ಗಜ್ಜರಿ ಮಡಿ.

ಆ ಬೀಜ ಅವಳ ತವರಿನದು. ತವರು ಅನಗವಾಡಿ, ಅದೇ ಘಟಪ್ರಭೆಯ ದಂಡೆ, ಇನ್ನೂ ಕೆಳಕ್ಕೆ. ಅವಳಪ್ಪನ ಹೊಲ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಯಿತು. ಹೊಲ ಹೋಯಿತು, ಬೀಜ ಉಳಿಯಿತು. ಮದುವೆಯಾಗಿ ಬರುವಾಗ ಅವಳ ತಾಯಿ ಕೊಟ್ಟ ಒಂದು ಹಿಡಿ ಬೀಜವನ್ನು ಇವಳು ವರ್ಷವರ್ಷವೂ ಬೆಳೆದು, ವರ್ಷವರ್ಷವೂ ಹೊಸ ಬೀಜ ಮಾಡಿಕೊಳ್ಳುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಕಿತ್ತ ಗಜ್ಜರಿಯಲ್ಲಿ ಚಲೋ ಹತ್ತು ಆರಿಸಿ, ಸೊಪ್ಪನ್ನೂ ಬಾಲವನ್ನೂ ಕತ್ತರಿಸಿ, ಮತ್ತೆ ಮಣ್ಣಿಗೆ ಊರುತ್ತಿದ್ದಳು. ಚಳಿ ಉಂಡ ಗಡ್ಡೆ ಶಿವರಾತ್ರಿ ಸುಮಾರಿಗೆ ಹೂ ಬಿಡುತ್ತದೆ. ಬಿಳಿ ಛತ್ರಿಯಂಥ ಹೂ. ಯುಗಾದಿಯ ಹೊತ್ತಿಗೆ ಬೀಜ. ತಡವಾಗಿ ಬಿತ್ತಿದರೆ ಗಡ್ಡೆಗೆ ಚಳಿ ಸಾಲದು; ಸೊಪ್ಪು ಬರುತ್ತದೆ, ಹೂ ಬರುವುದಿಲ್ಲ. ಅವಸರ ಮಾಡಿ ಬಿಸಿಲಲ್ಲೇ ಬಿತ್ತಿದರೆ ಮೊಳಕೆಯೇ ಇಲ್ಲ. ಎಲ್ಲವೂ ಆ ಒಂದು ದಿನದ ಮೇಲೆ ನಿಂತಿತ್ತು, ಆ ದಿನ ಯಾವುದೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಬೇರೆ ದೇಶಗಳಲ್ಲಿ ಹಿಮ ಬೀಳುವ ತಾರೀಖು ನೋಡಿ ಗಜ್ಜರಿ ಹಾಕುತ್ತಾರಂತೆ. ನಮ್ಮಲ್ಲಿ ಹಿಮ ಎಲ್ಲಿಂದ ಬರಬೇಕು? ಚಳಿ ಬರುತ್ತದೆ ನಿಜ, ಆದರೆ ಹೇಳಿ ಕೇಳಿ ಬರುವುದಿಲ್ಲ. ನಾನು ಒಮ್ಮೆ ಅವಳಿಗೆ ಕೇಳಿದ್ದೆ.

"ಯಾವ ತಾರೀಖಿಗೆ ಬಿತ್ತತಿ, ಹೇಳಿಬಿಡು. ಡೈರಿಯಾಗ ಬರಕೋತೇನಿ."

"ಥಂಡಿ ಬಂದಾಗ."

"ಥಂಡಿ ಯಾವಾಗ ಬರತೈತಿ?"

"ಬಂದಾಗ ತಾನ ಗೊತ್ತಾಗತೈತಿ. ಅದೇನ ನಿಮ್ಮ ಬಸ್ಸೇನ್ರಿ, ಟೈಮಿಗೆ ಬರಾಕ?"

ನನಗೆ ರೇಗಿತ್ತು. ಆದರೂ ಬಿಡದೆ ನಾಲ್ಕೈದು ವರ್ಷ ಅವಳು ಬಿತ್ತಿದ ದಿನವನ್ನು ಗುರುತು ಹಾಕಿಕೊಂಡೆ. ಒಂದು ವರ್ಷ ದಸರೆಯ ಬೆನ್ನಿಗೇ ಬರುವ ಶೀಗಿ ಹುಣ್ಣಿಮೆಯ ಮರುದಿನ. ಇನ್ನೊಂದು ವರ್ಷ ದೀಪಾವಳಿಗೆ ಎಂಟು ದಿನ ಇದ್ದಾಗ. ಮತ್ತೊಂದು ವರ್ಷ ದಸರೆಯ ಬನ್ನಿ ಕೊಟ್ಟ ಮೂರನೆಯ ದಿನಕ್ಕೇ. ಯಾವ ಲೆಕ್ಕಕ್ಕೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ ಗುರುತು. ಅವಳು ಬಿತ್ತುವ ದಿನ ಬೆಳಿಗ್ಗೆ ಒಲೆಯ ಮೇಲಿನ ಬಿಸಿನೀರಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ನಿಂತಿರುತ್ತಿತ್ತು. ಎಣ್ಣೆಯನ್ನು ಬೆಚ್ಚಗೆ ಮಾಡಿ ನನ್ನ ಮುಂದೆ ಇಟ್ಟು, ಬೀಜದ ಗಂಟು ಸೆರಗಿಗೆ ಸಿಕ್ಕಿಸಿಕೊಂಡು ಹೊಲಕ್ಕೆ ಹೊರಟುಬಿಡುತ್ತಿದ್ದಳು. ಹೆಪ್ಪುಗಟ್ಟಿದ್ದಕ್ಕೇ ಕಾಸುತ್ತಾಳೆ, ಅಂದರೆ ಎಣ್ಣೆ ಗಟ್ಟಿಯಾದ ದಿನವೇ ಗಜ್ಜರಿಯ ದಿನ. ಗುಟ್ಟು ಹಿಡಿದೆನೆಂದು ನಾನು ಒಳಗೊಳಗೇ ಬೀಗಿದೆ. ಅವಳಿಗೆ ಹೇಳಲಿಲ್ಲ. ಕೇಳಿ ಖಾತ್ರಿ ಮಾಡಿಕೊಳ್ಳಬಹುದಿತ್ತು, ಅದನ್ನೂ ಮಾಡಲಿಲ್ಲ.

ಎಣ್ಣೆ ನನ್ನ ಹಿಮ್ಮಡಿಗೆ. ದಿನವೆಲ್ಲ ಬಸ್ಸಿನಲ್ಲಿ ನಿಂತೇ ಇರುವವನ ಹಿಮ್ಮಡಿ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಚಳಿ ಬಿತ್ತೆಂದರೆ ಕರಿಮಣ್ಣಿನ ಹೊಲ ಒಡೆದಂತೆ ಒಡೆಯುತ್ತಿತ್ತು. ಮದುವೆಯಾದ ಹೊಸದರಿಂದಲೂ ಸಂಜೆ ಹೊತ್ತು ಅವಳು ಕಾಲ ಬುಡದಲ್ಲಿ ಕೂತು, ನನ್ನ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. "ಸಾಕ ಬಿಡು, ಮುಂಜಾನೆ ಐದಕ್ಕ ಬಸ್ಸೈತಿ" ಎಂದು ನಾನು ಗೊಣಗುತ್ತಿದ್ದೆ. "ಬಸ್ಸು ನಿಮ್ಮ ಹಿಮ್ಮಡದ ಮ್ಯಾಲೆ ಓಡತೈತೇನ?" ಎಂದು ಅವಳು ಇನ್ನಷ್ಟು ಒತ್ತಿ ತಿಕ್ಕುತ್ತಿದ್ದಳು. ಅದು ಎಷ್ಟು ಹಿತವಾಗಿತ್ತು ಎಂದು ಆಗ ಒಮ್ಮೆಯಾದರೂ ಬಾಯಿ ಬಿಟ್ಟು ಹೇಳಬೇಕಿತ್ತು.

ನಾನು ರಿಟೈರ್ ಆದ ವರ್ಷವೇ, ಶ್ರಾವಣದಲ್ಲಿ, ನಾಲ್ಕು ದಿನದ ಜ್ವರದಲ್ಲಿ ಅವಳು ತೀರಿಕೊಂಡಳು.

ಹದಿಮೂರು ದಿನದ ಕಾರ್ಯವೆಲ್ಲ ಮುಗಿದ ಮೇಲೆ ಅವಳ ಟ್ರಂಕು ತೆಗೆದೆವು. ಸೀರೆಗಳ ಕೆಳಗೆ ಬಿಳಿ ಅರಿವೆಯ ಗಂಟು ಸಿಕ್ಕಿತು. ಬಿಚ್ಚದೆಯೇ ಗೊತ್ತಾಯಿತು, ಗಜ್ಜರಿ ಬೀಜದ ವಾಸನೆ ಅಷ್ಟು ಘಾಟು. ಸೊಸೆ ಅದನ್ನು ನನ್ನ ಕೈಗೆ ಕೊಟ್ಟಳು. ತೇರದಾಳಕ್ಕೆ ಕೊಟ್ಟಿರುವ ಅವಳ ಅಕ್ಕನ ಮನೆಗೂ ಪ್ರತಿ ವರ್ಷ ಇವಳೇ ಬೀಜ ಕಳಿಸುತ್ತಿದ್ದಳು, ಅಲ್ಲಿ ಬೇರೆ ಬೀಜ ಮಾಡುತ್ತಿರಲಿಲ್ಲ. ಹಾಗಾಗಿ ಅನಗವಾಡಿಯ ಆ ಹೊಲದ್ದು ಅಂತ ಈ ಭೂಮಿಯ ಮೇಲೆ ಉಳಿದಿದ್ದು ನನ್ನ ಅಂಗೈಯಲ್ಲಿದ್ದಷ್ಟೇ. ಇದು ನನ್ನ ಕೈಯಲ್ಲಿ ಸಾಯಬಾರದು ಎಂದುಕೊಂಡೆ. ಅವಳನ್ನಂತೂ ಉಳಿಸಿಕೊಳ್ಳಲಾಗಲಿಲ್ಲ.

ದಸರೆ ಬಂತು. ದಿನಾ ಬೆಳಿಗ್ಗೆ ಎದ್ದವನೇ ಎಣ್ಣೆ ಬಾಟಲಿ ನೋಡುವುದು ನನ್ನ ಡ್ಯೂಟಿಯಾಯಿತು. ಎಣ್ಣೆ ನೀರಿನಂತೆ ತಿಳಿಯಾಗಿತ್ತು. ಶೀಗಿ ಹುಣ್ಣಿಮೆ ಬಂತು, ಎಣ್ಣೆ ಹಾಗೇ ಇತ್ತು. ಅದೇ ದಿನಗಳಲ್ಲಿ ಒಂದು ಮುಂಜಾನೆ ಕೌದಿಯ ದಾರಕ್ಕೆ ಹಿಮ್ಮಡಿ ಸಿಕ್ಕಿ ಪರ್ರನೆ ಸದ್ದಾಯಿತು. ಹಳೆಯ ಸೀರೆ ಧೋತರಗಳನ್ನು ಸೇರಿಸಿ ಅವಳೇ ಹೊಲಿದ ಕೌದಿ. ದಾರ ಹರಿದೀತೆಂದು ಕಾಲು ಬಿಡಿಸಿಕೊಂಡು, ಮಗ್ಗುಲಾಗಿ ಮತ್ತೆ ಮಲಗಿದೆ.

ಮಗ ಮೊಬೈಲ್ ಹಿಡಿದು ಬಂದ. "ಅಪ್ಪಾ, ಇದರಾಗ ಥಂಡಿ ಎಷ್ಟೈತಿ ಅಂತ ತೋರಸ್ತದ. ಬಿತ್ತೂನು?"

"ನಿಮ್ಮವ್ವ ಮೊಬೈಲ್ ನೋಡಿ ಬಿತ್ತತಿದ್ಲೇನಲೇ? ಎಣ್ಣಿ ಇನ್ನಾ ಹೆಪ್ಪಾಗಿಲ್ಲ."

ದೀಪಾವಳಿ ಹೋಯಿತು. ಬೆಳಿಗ್ಗೆ ವಾಕಿಂಗ್ ಹೋದರೆ ಕಿವಿ ಗುಂಯ್ ಎನ್ನುವಷ್ಟು ಚಳಿ, ಬಾಯಲ್ಲಿ ಹೊಗೆ. ಅಕ್ಕಪಕ್ಕದ ಹೊಲಗಳ ಗಜ್ಜರಿ ಗೇಣುದ್ದ ಸೊಪ್ಪಾಗಿತ್ತು. ಮನೆಗೆ ಬಂದು ನೋಡಿದರೆ ಎಣ್ಣೆ ತಿಳಿಯೇ. ಜನಕ್ಕೆ ತಿಳಿಯದು, ಅವಸರ ಮಾಡಿದ್ದಾರೆ ಎಂದು ನಾನು ಗಟ್ಟಿಯಾಗಿ ಕೂತೆ. ಇಡೀ ಊರಿಗಿಂತ ಒಂದು ಬಾಟಲಿಯನ್ನು ನಂಬಿದ ಜಾಣ ನಾನು.

ದೀಪಾವಳಿಯಾಗಿ ತಿಂಗಳಿಗೆ ಬರುವ ಛಟ್ಟಿ ಅಮಾವಾಸ್ಯೆ ದಾಟಿದ ಮೇಲೆ ಒಂದು ಬೆಳಿಗ್ಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಮಕ್ಕಳ ಹಾಗೆ ಕುಣಿದೆ. "ಆತು, ಇವತ್ತ ಬಂತು ನೋಡ!" ಎಂದು ಕೂಗಿದೆ. ಸೊಸೆ ಅಡುಗೆಮನೆಯಿಂದ ಬಂದು ಬಾಟಲಿ ನೋಡಿದಳು, ನನ್ನನ್ನು ನೋಡಿದಳು.

"ಮಾವಾರ, ನಿನ್ನಿಂದ ಕರೆಂಟ್ ಇಲ್ಲರಿ. ಅದಕ್ಕ ಗಟ್ಟಿ ಆಗಿರಬೇಕು."

"ಕರೆಂಟಿಗೂ ಎಣ್ಣಿಗೂ ಏನ ಸಂಬಂಧ ಬೇ?"

"ಬಾಟ್ಲಿ ಫ್ರಿಜ್ಜಿನ ಮ್ಯಾಲಿತ್ತಲ್ರಿ. ಅದರ ಕಾವಿಗೆ ಎಣ್ಣಿ ಹೆಂಗ ಹೆಪ್ಪಾಗಬೇಕು?"

ನಾನು ಅಲ್ಲೇ ಕುರ್ಚಿಯ ಮೇಲೆ ಕೂತೆ. ನನ್ನ ಹೆಂಡತಿ ಎಣ್ಣೆ ಇಡುತ್ತಿದ್ದುದು ಬಚ್ಚಲಮನೆಯ ಕಿಟಕಿಯಲ್ಲಿ, ಹೊರಗಿನ ಗಾಳಿ ನೇರ ಬಡಿಯುವ ಜಾಗದಲ್ಲಿ. ಅವಳು ಹೋದ ಮೇಲೆ ಸೊಸೆ ಮನೆ ತೊಳೆದು, ಬಾಟಲಿಯನ್ನು ಕೈಗೆ ಸಿಗಲೆಂದು ಫ್ರಿಜ್ಜಿನ ತಲೆ ಮೇಲೆ ಇಟ್ಟಿದ್ದಳು. ಎರಡು ತಿಂಗಳು ನಾನು ಬೆಚ್ಚಗಿನ ಯಂತ್ರದ ಮೇಲೆ ಚಳಿಯನ್ನು ಹುಡುಕಿದ್ದೆ. ಸೊಸೆಯ ಮೇಲೆ ಕೂಗಾಡಬೇಕೆನ್ನಿಸಿತು. ಅವಳ ಕಣ್ಣಾಗಲೇ ತುಂಬಿತ್ತು, ಎದ್ದು ಬೀಜದ ಗಂಟು ತೆಗೆದುಕೊಂಡೆ.

ಅವತ್ತೇ ಹೋಗಿ ಬಿತ್ತಿದೆ. ಇನ್ನು ಒಂದು ದಿನ ಕಾದರೂ ಕೆಟ್ಟಿತು ಎನ್ನಿಸಿತ್ತು. ಬೀಜವನ್ನು ಅಂಗೈಯಲ್ಲಿ ತಿಕ್ಕಿ, ಮರಳು ಬೆರೆಸಿ, ಹೆಂಡತಿ ಮಾಡುತ್ತಿದ್ದ ಹಾಗೇ ಗೆರೆ ಎಳೆದು ಹಾಕಿ, ಮೇಲೆ ಹಸಿ ಗೋಣಿಚೀಲ ಹೊದಿಸಿದೆ. ಗಂಟನ್ನು ಪೂರ್ತಿ ಕೊಡವಲು ಹೋದ ಕೈ ಮಾತ್ರ ತಾನಾಗಿ ನಿಂತಿತು. ಬೀಜದ ಗಂಟು ಬರಿದು ಮಾಡಬಾರದು, ಒಂದು ಚಿಟಿಕೆ ಬಿಟ್ಟೇ ಕಟ್ಟಬೇಕು ಎಂಬುದು ಅವಳ ರಿವಾಜು. "ಒಂದ ಚಿಟಿಕಿ ಬೀಜದಾಗ ಏನ ಮನಿ ಕಟ್ಟತಿ?" ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಬದುಕಿದ್ದಾಗ ಅವಳ ಮಾತು ಕೇಳಿದ್ದು ಕಡಿಮೆ. ಅದೊಂದನ್ನು ಅವತ್ತು ಕೇಳಿದೆ.

ಸಂಕ್ರಾಂತಿಗೆ ನಮ್ಮಲ್ಲಿ ಆ ವರ್ಷ ಹಬ್ಬವಿರಲಿಲ್ಲ. ಆದರೆ ತೇರದಾಳದಿಂದ ಅವಳ ಅಕ್ಕ ಫೋನ್ ಮಾಡಿದರು. "ಹಬ್ಬ ಬ್ಯಾಡ್ರಿ. ಹೊಳಿಗೆ ಅಷ್ಟ ಬರ್ರಿ. ಪ್ರತಿ ವರ್ಷ ನಾವಿಬ್ಬರೂ ಅನಗವಾಡಿ ಹೊಳ್ಯಾಗ ಜಳಕಾ ಮಾಡತಿದ್ವಿ. ಒಬ್ಬಾಕಿನ ಹೆಂಗ ಮಾಡ್ಲಿ?"

ನಾನು ಮಡಿಗೆ ಹೋಗಿ ಗಜ್ಜರಿ ಕಿತ್ತೆ. ಕಿರುಬೆರಳಿಗಿಂತ ಸಣ್ಣವು. ಅವಳ ಮಡಿಯಲ್ಲಿ ಸಂಕ್ರಾಂತಿಗೆ ಮೊಣಕೈ ಉದ್ದದವು ಬರುತ್ತಿದ್ದವು. ಆದರೂ ಒಂದು ಕಟ್ಟು ಮಾಡಿ ಬುತ್ತಿಯ ಜೊತೆ ಇಟ್ಟುಕೊಂಡು, ಲೋಕಾಪುರದಲ್ಲಿ ಬಸ್ ಬದಲಿಸಿ ಅನಗವಾಡಿಗೆ ಹೋದೆ. ನಾನು ಸಾವಿರ ಸಲ ಓಡಾಡಿದ ದಾರಿ. ಅವತ್ತು ಟಿಕೆಟ್ ತೆಗೆದುಕೊಂಡು ಕಿಟಕಿಗೆ ಕೂತೆ.

ಅಕ್ಕಾರ ಆಗಲೇ ದಂಡೆಯ ಮೇಲಿದ್ದರು. ಜಳಕ ಮುಗಿಸಿ, ಹಸಿ ಸೀರೆ ಹಿಂಡಿ, ಕಲ್ಲಿನ ಮೇಲೆ ಕೂತು ನಾನು ಕೊಟ್ಟ ಕಟ್ಟನ್ನು ಬಿಚ್ಚಿದರು. ಒಂದು ಗಜ್ಜರಿ ಕಚ್ಚಿದರು. ಬಹಳ ಹೊತ್ತು ಅಗಿದರು.

"ರುಚಿ ಅದ ಐತಿ. ಆದರ ಇವು ಯಾಕ ಹಿಂಗ ಬಡಕಲಾಗ್ಯಾವು ಕಂಡಕ್ಟರ್ ಸಾಹೇಬರ? ಬಸ್ ತಪ್ಪಿಸಿಕೊಂಡಿರೇನ?"

ನಾನು ಎಲ್ಲ ಹೇಳಿದೆ. ಎಣ್ಣೆ, ಬಾಟಲಿ, ಫ್ರಿಜ್ಜು, ಒಂದೂ ಮುಚ್ಚಿಡಲಿಲ್ಲ. ಅವರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದರು.

"ಎಣ್ಣಿ ನೋಡಿ ಬಿತ್ತತಿದ್ಲು ಅಂತ ಯಾರ ಹೇಳಿದರು ನಿಮಗ?"

"ಯಾರೂ ಹೇಳಿಲ್ಲ. ನಾನ ಕಂಡೇನಿ. ಬಿತ್ತೂ ದಿವಸ ಎಣ್ಣಿ ಕಾಸತಿದ್ಲು."

"ಎಣ್ಣಿ ನಿಮಗ ಕಾಸತಿದ್ಲು. ಆಕಿ ನೋಡತಿದ್ದದ್ದು ನಿಮ್ಮ ಹಿಮ್ಮಡ." ಅಕ್ಕಾರ ನೀರಿನ ಕಡೆ ಕೈ ಮಾಡಿದರು. "ನಮ್ಮ ಅವ್ವಂದು ಇದ ರೂಢಿ. ಅಲ್ಲಿ, ಆ ನೀರಿನ ಕೆಳಗ ನಮ್ಮ ಹೊಲ. ಮುಂಜಾನೆ ನಮ್ಮಪ್ಪನ ಹಿಮ್ಮಡ ಕೌದಿ ದಾರಕ್ಕ ಸಿಕ್ಕಿ ಪರ್ ಅಂದರ ಅವ್ವ ಎದ್ದ ಬೀಜ ತಗೀತಿದ್ಲು. ಹಿಮ್ಮಡಕ್ಕ ಥಂಡಿ ಮೊದಲ ತಿಳೀತೈತಿ, ಮನಷ್ಯಾಗ ಆಮ್ಯಾಲೆ. ನನ್ನ ತಂಗಿ ನಿಮ್ಮ ಮಗ್ಗಲದಾಗ ಮಲಕೊಂಡ ಅದನ್ನ ಕೇಳತಿದ್ಲು. ಕೇಳಿದ ಮುಂಜಾನೆನ ನನಗ ಫೋನ್ ಹಚ್ಚತಿದ್ಲು. 'ಅಕ್ಕಾ, ಅವರ ಹಿಮ್ಮಡ ಇವತ್ತ ಕೌದಿ ಹಿಡೀತು, ನೀನೂ ಬಿತ್ತು' ಅಂತ. ತೇರದಾಳದಾಗ ನಮ್ಮ ಗಜ್ಜರಿನೂ ನಿಮ್ಮ ಹಿಮ್ಮಡದ ಮ್ಯಾಲೆ ಬೆಳದೈತಿ."

ನನ್ನ ಹಿಮ್ಮಡಿಯ ಸುದ್ದಿ ವರ್ಷವರ್ಷವೂ ತೇರದಾಳದ ತನಕ ಹೋಗುತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ. ಶೀಗಿ ಹುಣ್ಣಿಮೆಯ ದಿನಗಳ ಆ ಮುಂಜಾನೆ ನೆನಪಾಯಿತು. ಕೌದಿ ಪರ್ರನೆ ಸದ್ದು ಮಾಡಿತ್ತು. ಥಂಡಿ ತನ್ನ ಟೈಮಿಗೆ ಸರಿಯಾಗಿ ಬಂದಿತ್ತು. ನಾನು ಕಾಲು ಬಿಡಿಸಿಕೊಂಡು ಮಗ್ಗುಲಾಗಿದ್ದೆ. ಕೇಳುವವಳು ಪಕ್ಕದಲ್ಲಿರಲಿಲ್ಲ. ಅಕ್ಕಾರ ಮುಂದೆ ಅಳಬಾರದೆಂದು ನೀರಿಗಿಳಿದು ಮುಖ ತೊಳೆದುಕೊಂಡೆ.

ಆ ಬಡಕಲು ಗಜ್ಜರಿಯಲ್ಲೇ ಹತ್ತು ಆರಿಸಿ ಊರಿದೆ. ಒಂಬತ್ತು ಬರೀ ಸೊಪ್ಪಾದವು. ಒಂದು ಮಾತ್ರ ಹೋಳಿ ಹುಣ್ಣಿಮೆಯಾದ ಮೇಲೆ ಸಣ್ಣದೊಂದು ಹೂ ಬಿಟ್ಟಿತು, ಬಿಸಿಗಾಳಿಗೆ ಕಾಳು ಕಟ್ಟುವ ಮೊದಲೇ ಒಣಗಿತು. ಗಂಟಿನಲ್ಲಿ ಉಳಿದ ಒಂದು ಚಿಟಿಕೆಯೇ ಇನ್ನು ಗತಿ. ಅದೂ ಹಳೆಯದಾಗುತ್ತಿತ್ತು. ಬೇಸಿಗೆಯೆಲ್ಲ ಆ ಗಂಟನ್ನು ಟ್ರಂಕಿನಲ್ಲಿ ಅವಳ ಸೀರೆಗಳ ನಡುವೆ ಇಟ್ಟಿದ್ದೆ. ಆಗಾಗ ತೆಗೆದು ಮೂಸಿ ನೋಡುತ್ತಿದ್ದೆ. ಬೀಜ ಕೆಟ್ಟಿದೆಯೋ ಎಂದು ನೋಡುತ್ತಿದ್ದೇನೆ ಎಂದು ಸೊಸೆಗೆ ಹೇಳಿದ್ದೆ. ಖರೇ ಹೇಳಬೇಕೆಂದರೆ ಹೆಂಡತಿ ಹೊಲದಿಂದ ಬಂದಾಗ ಅವಳ ಕೈಯಿಂದ ಅದೇ ವಾಸನೆ ಬರುತ್ತಿತ್ತು.

ಹೋದ ವರ್ಷ ಭಾದ್ರಪದ ಮುಗಿಯುತ್ತಿದ್ದಂತೆ ಸೊಸೆ ಹಿಮ್ಮಡಿಗೆ ಹಚ್ಚುವ ಕ್ರೀಮಿನ ಟ್ಯೂಬ್ ತಂದಿಟ್ಟಳು. ಮೊದಲ ವರ್ಷದ ತಪ್ಪು ಅವಳ ಮನಸ್ಸಿನಲ್ಲಿ ಕೊರೆಯುತ್ತಿತ್ತೋ ಏನೋ, ದಿನಾ ಊಟದ ತಟ್ಟೆಯ ಪಕ್ಕ ಅದನ್ನು ಇಡುತ್ತಿದ್ದಳು.

"ಬ್ಯಾಡ ಯವ್ವಾ," ಎಂದೆ. "ಒಡೀಲಿ ಬಿಡು. ಈ ವರ್ಷ ಇವು ಡ್ಯೂಟಿ ಮ್ಯಾಲೆ ಅದಾವು."

ದಿನಾ ಹೆಂಡತಿ ಹೊಲಿದ ಕೌದಿಯನ್ನೇ ಹೊದ್ದೆ. ನಸುಕಿನಲ್ಲಿ ಎಚ್ಚರಾದರೂ ಕಣ್ಣು ಮುಚ್ಚಿ, ಉಸಿರು ಹಿಡಿದು, ಕಾಲು ಎಳೆದು ನೋಡುತ್ತಿದ್ದೆ. ದಸರೆ ಬಂತು, ಬನ್ನಿ ಕೊಟ್ಟೆವು. ನಾಲ್ಕನೆಯ ದಿನ ಮುಂಜಾನೆ, ನಾನು ಏನೂ ಮಾಡದೆ, ಮಗ್ಗುಲು ಬದಲಿಸುವಾಗ ಹಿಮ್ಮಡಿ ದಾರಕ್ಕೆ ಸಿಕ್ಕಿತು. ಪರ್. ಅಷ್ಟೇ. ಎಷ್ಟು ಸಣ್ಣ ಸದ್ದೆಂದರೆ, ಪಕ್ಕದಲ್ಲಿ ಇನ್ನೊಬ್ಬರು ನನಗಾಗಿಯೇ ಎಚ್ಚರವಿದ್ದಿದ್ದರೆ ಮಾತ್ರ ಕೇಳಿಸಬೇಕು. ಇಷ್ಟು ವರ್ಷ ಅವಳು ಹಾಗೆ ಎಚ್ಚರವಿದ್ದಳು.

ಎದ್ದು ಬಚ್ಚಲ ಕಿಟಕಿಯಲ್ಲಿ ಮತ್ತೆ ಇಟ್ಟಿದ್ದ ಎಣ್ಣೆ ನೋಡಿದೆ. ತಿಳಿಯಾಗಿಯೇ ಇತ್ತು. ಮಗನ ಮೊಬೈಲ್ ಇನ್ನೂ ಸೆಕೆ ಎನ್ನುತ್ತಿತ್ತು. ಎರಡನ್ನೂ ನಂಬದೆ ಗಂಟು ತೆಗೆದುಕೊಂಡು ಹೊಲಕ್ಕೆ ಹೋದೆ. ಒಂದು ಚಿಟಿಕೆ ಬೀಜ ಒಂದು ಮಂಚದಷ್ಟು ಜಾಗಕ್ಕೂ ಸಾಲಲಿಲ್ಲ. ಅದರಲ್ಲೂ ನಾಲ್ಕು ಕಾಳು ಗಂಟಿನಲ್ಲೇ ಬಿಟ್ಟೆ. ಹಸಿ ಗೋಣಿ ಹೊದಿಸಿ, ದಿನಕ್ಕೆರಡು ಸಲ ನೀರು ಚಿಮುಕಿಸಿದೆ. ಎಂಟು ದಿನ ಏನಿಲ್ಲ. ಹತ್ತು ದಿನ ಏನಿಲ್ಲ. ಬೀಜ ಸತ್ತಿದೆ ಎಂದು ನನಗೆ ನಾನೇ ಹೇಳಿಕೊಳ್ಳತೊಡಗಿದ್ದೆ. ಹನ್ನೆರಡನೆಯ ದಿನ ಗೋಣಿ ಎತ್ತಿದರೆ ಗೆರೆಯ ಉದ್ದಕ್ಕೂ ಅಲ್ಲಲ್ಲಿ ದಾರದೆಳೆಯಂಥ ಹಸಿರು. ಮಣ್ಣಿಗೆ ಮುಖ ತಾಗಿಸಿ ಎಣಿಸಿದೆ. ಹತ್ತೊಂಬತ್ತು.

ಬದುವಿನ ಮೇಲೆ ಕೂತೇ ತೇರದಾಳಕ್ಕೆ ಫೋನ್ ಹಚ್ಚಿದೆ. "ಅಕ್ಕಾರ, ಹುಟ್ಯಾವ್ರಿ."

ಆ ಕಡೆ ಮೂಗು ಒರೆಸಿಕೊಂಡಿದ್ದು ಕೇಳಿತು. ಆಮೇಲೆ ಕೇಳಿದರು, "ಹಿಮ್ಮಡ ಹೆಂಗದಾವು?"

"ಒಡದಾವು. ನಡದರ ಉರೀತಾವು."

"ಸಾಕ ಇನ್ನ. ಅವುಗಳ ಕೆಲಸ ಮುಗೀತು. ಎಣ್ಣಿ ಹಚ್ಚಿಕೊಳ್ರಿ."

ಸಂಜೆ ಎಣ್ಣೆ ಬೆಚ್ಚಗೆ ಮಾಡಿಕೊಂಡು ಪಡಸಾಲೆಯಲ್ಲಿ ಕೂತೆ. ಕಾಲು ಮಡಚಿದರೆ ಮೊಣಕಾಲು ಒಪ್ಪಲಿಲ್ಲ, ಬಗ್ಗಿದರೆ ಹೊಟ್ಟೆ ಅಡ್ಡ ಬಂತು. ಪಾದವನ್ನು ಹೇಗೆ ತಿರುಗಿಸಿದರೂ ಹಿಮ್ಮಡಿಯ ಹಿಂಬದಿಗೆ ಕೈ ಸರಿಯಾಗಿ ಎಟುಕಲಿಲ್ಲ, ಕಣ್ಣಿಗೂ ಕಾಣಲಿಲ್ಲ. ಅರವತ್ತು ವರ್ಷ ಅದರ ಮೇಲೆ ನಿಂತಿದ್ದೇನೆ, ಒಮ್ಮೆಯೂ ಅದನ್ನು ನಾನು ನೆಟ್ಟಗೆ ನೋಡಿಲ್ಲ. ನೋಡಿದವಳು ಅವಳೊಬ್ಬಳೇ. "ಏ, ಇಲ್ಲಿ ಒಂದೀಟ ಬಾ" ಎಂದು ಬಾಯಿಗೆ ಬಂತು. ಎಣ್ಣೆಯ ಕೈ ಎಟುಕಿದಷ್ಟಕ್ಕೆ ನಾನೇ ಹಚ್ಚಿಕೊಂಡೆ.